ಮನೆತನದ ಸಂಪ್ರದಾಯವೂ ಸಂಜೆಯ ಚಹಾಕೂಟವೂ

ಮನುಷ್ಯನು ತನ್ನ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯು ಎರಡು ವಿಧವಾದುದು. ಹೊಲ, ಮನೆ, ಬಾವಿ, ದನಕರು, ಬಂಗಾರ ಇವು ಮೊದಲನೆಯ ವಿಧದವು. ಇವುಗಳಿಗೆ ಕಾಗದಪತ್ರಗಳುಂಟು; ಸಾಕ್ಷಿಗಳುಂಟು; ತಂಟೆ ಬಂದರೆ ನ್ಯಾಯಾಲಯವುಂಟು. ಎರಡನೆಯ ವಿಧದ ಆಸ್ತಿ ಕಣ್ಣಿಗೆ ಕಾಣದು. ಬಂದವರನ್ನು ಬರಮಾಡಿಕೊಳ್ಳುವ ರೀತಿ, ಹಿರಿಯರ ನೆನಪು, ಕೊಟ್ಟ ಮಾತಿಗೆ ತಪ್ಪಬಾರದೆಂಬ ಹಟ, ಈ ಕೆಲಸ ಈ ಮನೆಯವರಿಗೆ ಸಲ್ಲದು ಎಂಬ ಅಳುಕು ಇವೆಲ್ಲ ಅದರೊಳಗೆ ಸೇರುತ್ತವೆ. ಮನೆತನದ ಸಂಪ್ರದಾಯವೆಂದು ಜನರು ಕರೆಯುವುದು ಇದನ್ನೇ. ಇದನ್ನು ಯಾವ ಮುದ್ರೆಯ ಕಾಗದದ ಮೇಲೆಯೂ ಬರೆದುಕೊಡಲು ಬರುವುದಿಲ್ಲ. ಹಾಗಾದರೆ ಇದು ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಲ್ಲುವುದು ಯಾವ ಗಳಿಗೆಯಲ್ಲಿ? ಸಲ್ಲುವಾಗ ಅದರೊಡನೆ ಇನ್ನೇನೇನು ಸೇರಿ ಬರುತ್ತದೆ? ಈ ಎರಡು ಪ್ರಶ್ನೆಗಳು ಪ್ರತಿಯೊಬ್ಬ ಗೃಹಸ್ಥನೂ ವಿಚಾರ ಮಾಡತಕ್ಕವುಗಳಾಗಿವೆ.

ಮದುವೆ, ಮುಂಜಿ, ಜಾತ್ರೆ, ಹಬ್ಬಗಳಲ್ಲಿ ಸಂಪ್ರದಾಯವು ಸಲ್ಲುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಹಬ್ಬಗಳು ವರ್ಷಕ್ಕೆ ಕೆಲವು ಸಲ ಬರುತ್ತವೆ. ಮದುವೆಗಳು ಹತ್ತು ವರ್ಷಕ್ಕೊಂದಾವರ್ತಿ ಬರುತ್ತವೆ. ಆ ದಿನಗಳಲ್ಲಿ ಮನೆಯ ಜನರೆಲ್ಲ ತಮ್ಮ ತಮ್ಮ ಒಳ್ಳೆಯ ಬಟ್ಟೆಗಳನ್ನು ತೊಟ್ಟಂತೆ ಒಳ್ಳೆಯ ನಡತೆಯನ್ನೂ ತೊಟ್ಟಿರುತ್ತಾರೆ. ಮಕ್ಕಳು ಕಲಿಯುವುದು ಹಾಗೆ ತೊಟ್ಟ ನಡತೆಯಿಂದಲ್ಲ. ದಿನದಿನವೂ ಯಾರೂ ಎಚ್ಚರವಹಿಸದ ಸಮಯದಲ್ಲಿ ಹಿರಿಯರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನೋಡಿ ಅವರು ಕಲಿಯುತ್ತಾರೆ. ಇಂತಹ ಸಮಯವು ಕೃಷ್ಣಾ ತೀರದ ಹಳ್ಳಿಗಳಲ್ಲಿ ಯಾವುದೆಂದು ಕೇಳಿದರೆ, ಅದು ಸಂಜೆಯ ಚಹಾದ ಸಮಯವೆಂದೇ ಹೇಳಬೇಕಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲೆ ಗಲಗಲಿ ಎಂಬ ಊರುಂಟು. ಗಾಲವ ಮಹರ್ಷಿಗಳು ತಪಸ್ಸು ಮಾಡಿದ ನೆಲವಾದುದರಿಂದ ಈ ಹೆಸರು ಬಂದಿತೆಂದು ಅಲ್ಲಿಯ ಜನ ನಂಬುತ್ತಾರೆ. ಈ ಭಾಗದ ಹಳ್ಳಿಗಳಲ್ಲಿ ಹೊತ್ತು ಇಳಿಯುವ ವೇಳೆಗೆ ಕಬ್ಬಿನ ಹೊಲದಿಂದ ಗಂಡಸರು ಮರಳುತ್ತಾರೆ. ಸಾಲೆಯಿಂದ ಮಕ್ಕಳು ಬರುತ್ತಾರೆ. ಒಲೆಯ ಮೇಲೆ ಚಹಾ ಕುದಿಯುತ್ತದೆ. ಪಡಸಾಲೆಯಲ್ಲಿಯೋ ಕಟ್ಟೆಯ ಮೇಲೆಯೋ ಮನೆಯವರು ಕೂಡುತ್ತಾರೆ. ನೆರೆಯವರು ಒಬ್ಬಿಬ್ಬರು ಬರುತ್ತಾರೆ. ಅವಲಕ್ಕಿಯೋ ಚುರುಮುರಿಯೋ ತಾಟಿನಲ್ಲಿ ಬರುತ್ತದೆ. ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತ ಮುತ್ಯಾ ಯಾವುದೋ ಒಂದು ಹೊಳೆಯ ವರ್ಷದ ಮಾತೆತ್ತುತ್ತಾನೆ. ಯಾವ ಹೊಲಕ್ಕೆ ಯಾವ ಹೆಸರು ಏಕೆ ಬಂದಿತೆಂದು ಹೇಳುತ್ತಾನೆ. ಯಾವ ಊರಿನವರು ಯಾವ ಸಂಬಂಧದಿಂದ ಬೀಗರಾದರೆಂದು ಬಿಡಿಸಿ ಹೇಳುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಯಾರೂ ಇದನ್ನು ಪಾಠವೆಂದು ಕರೆಯುವುದಿಲ್ಲ. ಆದರೂ ಮನೆತನದ ಪಾಠವು ನಡೆಯುವುದು ಇಲ್ಲಿಯೇ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಚಹಾ ನೆನ್ನೆ ಮೊನ್ನೆ ಬಂದ ಪಾನೀಯ. ಅದರ ಆಶ್ರಯದಲ್ಲಿ ಸನಾತನವಾದ ಸಂಪ್ರದಾಯವನ್ನು ಇರಿಸುವುದು ಹೇಗೆ? ಈ ಆಕ್ಷೇಪದಲ್ಲಿ ಹೇಳಿದ ಸಂಗತಿ ನಿಜ. ಆಸಾಮಿನ ಕಾಡಿನಲ್ಲಿ ಚಹಾ ಗಿಡವು ಬೆಳೆಯುತ್ತದೆಂಬುದು ಬ್ರಿಟಿಷರಿಗೆ ತಿಳಿದದ್ದು 1823ರಲ್ಲಿ. ಅಲ್ಲಿಯ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಈ ದೇಶದಲ್ಲಿ ಬೆಳೆದ ಎಲೆಯನ್ನು ಈ ದೇಶದ ಜನ ಕುಡಿಯತೊಡಗಿದ್ದು ಅದಕ್ಕೂ ಬಹಳ ತಡವಾಗಿ. 1903ರಲ್ಲಿ ಚಹಾದ ಮೇಲೆ ವಿಶೇಷ ಸುಂಕ ಹಾಕಿ, ಆ ಹಣದಿಂದ ಚಹಾದ ಪ್ರಚಾರಕ್ಕೆ ಏರ್ಪಾಡು ಮಾಡಲಾಯಿತು. 1930ರ ದಶಕದಲ್ಲಿ ರೈಲು ನಿಲ್ದಾಣಗಳಲ್ಲಿ, ಗಿರಣಿಗಳಲ್ಲಿ, ಸಂತೆಗಳಲ್ಲಿ ಚಹಾ ಮಾಡುವ ರೀತಿಯನ್ನು ತೋರಿಸಿ ಜನರಿಗೆ ರುಚಿ ಹಚ್ಚಲಾಯಿತು. ಮಹಾತ್ಮಾ ಗಾಂಧಿಯವರು ಆರೋಗ್ಯದ ವಿಷಯವಾಗಿ ಬರೆದ ಗ್ರಂಥದಲ್ಲಿ ಚಹಾ, ಕಾಫಿ, ಕೋಕೋ ಮೂರೂ ಶರೀರಕ್ಕೆ ಅವಶ್ಯವಲ್ಲವೆಂದು ತಿಳಿಸಿದರು. ಅವರ ಮಾತಿಗೆ ತಲೆಬಾಗಿದವರು ಹಲವರು. ಚಹಾ ಬಿಟ್ಟವರು ಕೆಲವರು. ಮುಂಬಯಿ ಪ್ರಾಂತದ ಭಾಗವಾಗಿದ್ದ ಈ ಪ್ರದೇಶಕ್ಕೆ ಮರಾಠಿ ಸೀಮೆಯ ಒಡನಾಟದಿಂದ ‘ಚಹಾ’ ಎಂಬ ಹೆಸರಿನೊಡನೆಯೇ ಆ ಪಾನೀಯವು ಬಂದು ನೆಲೆಸಿತು.

ಆದರೆ ಚಹಾ ಬಂದು ಕುಳಿತ ಆಸನವು ಹೊಸದಲ್ಲ. ಚಹಾ ಬರುವುದಕ್ಕೆ ಎಷ್ಟೋ ಮೊದಲಿನಿಂದ, ಬಿಸಿಲಿನಲ್ಲಿ ನಡೆದು ಬಂದವರ ಮುಂದೆ ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಇಡುವುದು ಈ ನಾಡಿನ ಪದ್ಧತಿಯಾಗಿದ್ದಿತು. ಬಂದವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ ಮೇಲೆಯೇ ಬಂದ ಕೆಲಸವನ್ನು ಕೇಳುತ್ತಿದ್ದರು. ಬೆಲ್ಲ-ನೀರು ಮಾಡುತ್ತಿದ್ದ ಕೆಲಸವನ್ನೇ ಚಹಾ ಮುಂದುವರಿಸಿತು. ಆದುದರಿಂದ ಸಂಪ್ರದಾಯವು ವಸ್ತುವಿನಲ್ಲಿಲ್ಲ, ವರ್ತನೆಯಲ್ಲಿದೆ ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ. ವಸ್ತು ಬದಲಾದರೂ ವರ್ತನೆ ಉಳಿದರೆ ಸಂಪ್ರದಾಯ ಉಳಿದಂತೆಯೇ. ವಸ್ತು ಉಳಿದು ವರ್ತನೆ ಅಳಿದರೆ ಉಳಿಯುವುದು ಬರಿಯ ಸಾಮಾನು.

ಗಲಗಲಿಯ ಇತಿಹಾಸವೇ ಇದಕ್ಕೆ ಒಳ್ಳೆಯ ಸಾಕ್ಷಿ. 17ನೆಯ ಶತಮಾನದ ಕೊನೆಯಲ್ಲಿ ಮೊಗಲ ಬಾದಶಹ ಔರಂಗಜೇಬನ ದಂಡು ಈ ಊರಿನಲ್ಲಿ ಬೀಡು ಬಿಟ್ಟಿದ್ದಿತು. ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿಯು 1695ರಲ್ಲಿ ಇಲ್ಲಿಗೆ ಬಂದು ಬಾದಶಹನನ್ನು ಕಂಡು, ಆ ಬೀಡಿನ ವರ್ಣನೆಯನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟನು. ಡೇರೆಗಳು ಎದ್ದುಹೋದುವು, ಆನೆ ಕುದುರೆಗಳು ಹೋದುವು, ಆ ಸಾಮ್ರಾಜ್ಯವೂ ಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸೇರಿದ ಗಲಗಲಿ ಅವ್ವ ಎಂಬ ಹರಿದಾಸ ಪರಂಪರೆಯ ಸಾಧ್ವಿಯು ಹಾಡುಗಳನ್ನು ಕಟ್ಟಿದಳು. ಆಕೆಯ ಹಾಡುಗಳನ್ನು ಹೆಂಗಸರು ಕೂಡಿ ಕುಳಿತಲ್ಲಿ ಒಬ್ಬರಿಂದ ಒಬ್ಬರು ಕಲಿತರು. ತಾಯಂದಿರು ಮಕ್ಕಳಿಗೆ ಕಲಿಸಿದರು. ಬಾದಶಹನ ವೈಭವಕ್ಕೆ ಪರದೇಶದವನ ಪುಸ್ತಕವು ಆಶ್ರಯವಾಯಿತು. ಅವ್ವನ ಹಾಡಿಗೆ ಮನೆಮನೆಯ ಪಡಸಾಲೆಯು ಆಶ್ರಯವಾಯಿತು. ಜೀವಂತವಾಗಿ ಉಳಿದುದು ಯಾವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾಯ್ದಿಡುವುದು ಬೇರೆ, ಕೈಗಿಡುವುದು ಬೇರೆ. ಈ ಭೇದವನ್ನು ತೋರಿಸುವ ಇನ್ನೊಂದು ನಿದರ್ಶನವು ಗಲಗಲಿಗೆ ದೂರವಲ್ಲದ ರಬಕವಿ-ಬನಹಟ್ಟಿಯ ಸೀಮೆಯಲ್ಲಿಯೇ ದೊರೆಯುತ್ತದೆ. ಫ. ಗು. ಹಳಕಟ್ಟಿಯವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕಡೆಗೆ ಹೋದಾಗ, ಅಲ್ಲಿಯ ಮನೆಯೊಂದರಲ್ಲಿ ವಚನಗಳ ತಾಡೋಲೆ ಕಟ್ಟುಗಳು ಅವರ ಕಣ್ಣಿಗೆ ಬಿದ್ದುವು. ಇಂತಹ ಕಟ್ಟುಗಳು ನಾಡಿನ ಎಷ್ಟೋ ಮನೆಗಳಲ್ಲಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವು. ಪೂಜಿಸಿದವರು ಅವನ್ನು ಕಳೆಯದೆ ಕಾಯ್ದುಕೊಂಡು ಬಂದರು; ಇದಕ್ಕಾಗಿ ಅವರಿಗೆ ನಾಡು ಋಣಿಯಾಗಿದೆ. ಆದರೆ ಕಟ್ಟು ಬಿಚ್ಚದ ಓಲೆಯು ಯಾರೊಡನೆ ಮಾತನಾಡೀತು? ಹಳಕಟ್ಟಿಯವರು ಅವನ್ನು ಬಿಚ್ಚಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ ಮೇಲೆ, ಆ ಮಾತು ಜನರ ಬಾಯಿಗೆ ಮರಳಿ ಬಂದಿತು. ಪ್ರತಿ ಮನೆಯಲ್ಲಿಯೂ ಹೀಗೆ ಬಿಚ್ಚದ ಕಟ್ಟುಗಳಿರುತ್ತವೆ. ಮುತ್ಯಾನ ಎದೆಯಲ್ಲಿ ಒಂದು, ಆಯಿಯ ಎದೆಯಲ್ಲಿ ಒಂದು. ಅವು ಬಿಚ್ಚಲು ಕೂಟ ಬೇಕು. ಕೂಟಕ್ಕೆ ಒಂದು ನೆಪ ಬೇಕು. ಚಹಾ ಆ ನೆಪವನ್ನು ಒದಗಿಸುತ್ತದೆ.

ಚಹಾದ ನೆಪದಿಂದಲೇ ಮನೆತನದ ಸಂಪ್ರದಾಯವನ್ನು ನಾಲ್ಕುನೂರು ವರ್ಷಗಳಿಗೂ ಮಿಗಿಲಾಗಿ ನಡೆಸಿಕೊಂಡು ಬಂದವರು ಜಪಾನಿನಲ್ಲಿದ್ದಾರೆ. ಅಲ್ಲಿಯ ಚಹಾಕೂಟಕ್ಕೆ ಶಾಶ್ವತವಾದ ರೂಪ ಕೊಟ್ಟವನು ಸೆನ್ ನೊ ರಿಕ್ಯೂ. ಅವನ ಒಡೆಯನಾದ ಹಿದೆಯೋಶಿಯು ಬಂಗಾರದ ತಗಡು ಹೊದಿಸಿದ ಚಹಾ ಕೋಣೆಯನ್ನು ಮಾಡಿಸಿದನು. ರಿಕ್ಯೂ ಎರಡು ಚಾಪೆಯಷ್ಟೇ ಅಗಲದ ಮಣ್ಣಿನ ಗೋಡೆಯ ಕೋಣೆಯನ್ನು ಕಟ್ಟಿದನು. ಅದರ ಬಾಗಿಲು ಅತಿ ಚಿಕ್ಕದು. ಒಳಗೆ ಬರುವ ವೀರನು ಕತ್ತಿಯನ್ನು ಹೊರಗೆ ಬಿಟ್ಟು ತಲೆ ಬಾಗಿ ಮೊಣಕಾಲೂರಿ ಬರಬೇಕು. ಒಳಗೆ ಬಂದ ಮೇಲೆ ದೊರೆಯೂ ಸಾಮಾನ್ಯನೂ ಒಂದೇ ಚಾಪೆಯ ಮೇಲೆ ಕೂಡಬೇಕು. 1591ರಲ್ಲಿ ಒಡೆಯನ ಆಜ್ಞೆಯಂತೆ ರಿಕ್ಯೂ ಪ್ರಾಣ ಬಿಡಬೇಕಾಯಿತು. ಅವನ ವಂಶದ ಮೂರು ಮನೆತನಗಳು ಇಂದಿಗೂ ಆ ವಿದ್ಯೆಯನ್ನು ಕಲಿಸುತ್ತಿವೆ. ಆ ಮನೆತನಗಳು ಕೈಗಿಟ್ಟದ್ದು ಕೇವಲ ಪುಡಿ ಕಲಕುವ ಕ್ರಮವನ್ನಲ್ಲ. ತಲೆ ಬಾಗಿ ಒಳಗೆ ಬರುವ ಕ್ರಮವನ್ನು. ಬಾಗಿಲು ದೊಡ್ಡದಾಗಿದ್ದರೆ ಆ ಪಾಠವು ಸಲ್ಲುತ್ತಿರಲಿಲ್ಲ.

ಈಗ ಗಲಗಲಿಯ ಕಡೆಯ ಪಡಸಾಲೆಗೆ ಮರಳಿ ಬಂದು, ಅಲ್ಲಿಯ ಬಾಗಿಲು ಹೇಗಿದೆಯೆಂಬುದನ್ನು ನೋಡಬೇಕು. ವಿಷಯದ ಕಠಿಣವಾದ ಭಾಗವು ಇಲ್ಲಿಂದಲೇ ಆರಂಭವಾಗುತ್ತದೆ.

ಮುತ್ಯಾ ಹೇಳುವ ಕಥೆಯನ್ನು ಮಗುವಿನ ಕಿವಿ ಕೇಳುತ್ತಿರುತ್ತದೆ. ಆದರೆ ಅದರ ಕಣ್ಣು ಬಟ್ಟಲುಗಳ ಮೇಲಿರುತ್ತದೆ. ಮೊದಲ ಬಟ್ಟಲು ಯಾರಿಗೆ ಹೋಯಿತು? ಕೊನೆಯದು ಯಾರಿಗೆ? ಯಾರು ಒಳಗೆ ಕುಳಿತು ಕುಡಿದರು, ಯಾರು ಹೊರಗೆ ನಿಂತು ಕುಡಿದರು? ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಹೊಲದ ಆಳಿಗಾಗಿ ಬೇರೆ ಬಟ್ಟಲನ್ನೋ ತೆಂಗಿನ ಪರಟೆಯನ್ನೋ ಹೊರಗೋಡೆಯ ಗೂಡಿನಲ್ಲಿ ಇಡುತ್ತಿದ್ದ ಸಂಗತಿಯು ಗುಟ್ಟಿನದಲ್ಲ. ಅವನು ಅದನ್ನು ತಾನೇ ತೆಗೆದುಕೊಳ್ಳಬೇಕು. ಚಹಾ ಮೇಲಿಂದ ಬೀಳುತ್ತದೆ. ಕುಡಿದ ಮೇಲೆ ತಾನೇ ತೊಳೆದು ಅಲ್ಲಿಯೇ ಬೋರಲು ಹಾಕಬೇಕು. ಇದನ್ನು ನೋಡಿದ ಮಗುವೊಂದು, “ಮುತ್ಯಾ, ಅವಗ್ಯಾಕ ಬ್ಯಾರೆ ಬಟ್ಟಲ?” ಎಂದು ಕೇಳುತ್ತದೆನ್ನೋಣ. “ಮೊದಲಿಂದ ಹಂಗ ಬಂದೈತಿ, ತಮ್ಮಾ” ಎಂಬ ಉತ್ತರ ಬರುತ್ತದೆ. ಹೊಲದ ಹೆಸರಿನ ಕಥೆಯನ್ನು ಮಗು ಮರೆತೀತು. ಈ ಉತ್ತರವನ್ನು ಮರೆಯದು. ಆ ಸಂಜೆ ಆ ಮನೆಯಲ್ಲಿ ನಿಜವಾಗಿ ಸಲ್ಲಿದ ಸಂಪ್ರದಾಯವು ಕಥೆಯಲ್ಲ, ಗೂಡಿನಲ್ಲಿದ್ದ ಬಟ್ಟಲು.

“ಮೊದಲಿಂದ ಹಾಗೆ ಬಂದಿದೆ” ಎಂಬುದು ಸಂಪ್ರದಾಯದ ಸಮರ್ಥನೆಯೆಂದು ತೋರುತ್ತದೆ. ವಿಚಾರಿಸಿ ನೋಡಿದರೆ ಅದು ಸಮರ್ಥನೆಯ ಅಭಾವ. ಬಂದ ಕಾರಣವನ್ನು ಹೇಳಲಾರದವನು, ಹೇಳಲು ನಾಚುವವನು ಆ ಮಾತನ್ನು ಆಡುತ್ತಾನೆ. ಬೆಲ್ಲ-ನೀರಿನ ಪದ್ಧತಿಗೆ ಕಾರಣ ಕೇಳಿದರೆ ಯಾವ ಮುದುಕನಾದರೂ ತಟ್ಟನೆ ಹೇಳಬಲ್ಲನು: ಬಿಸಿಲಿನಲ್ಲಿ ಬಂದವನಿಗೆ ದಣಿವಾಗಿರುತ್ತದೆ. ಬೇರೆ ಬಟ್ಟಲಿಗೆ ಕಾರಣ ಕೇಳಿದರೆ ಅವನು ಹಿಂದಿನವರ ಕಡೆಗೆ ಬೆರಳು ತೋರಿಸುತ್ತಾನೆ. ಯಾವ ಪದ್ಧತಿಯ ಕಾರಣವನ್ನು ಮಗುವಿನ ಮುಖ ನೋಡಿ ಹೇಳಲು ಬರುವುದೋ ಅದು ಕೊಡತಕ್ಕ ಸಂಪ್ರದಾಯ. ಹೇಳಲು ಬಾರದಿರುವುದು ಬಿಡತಕ್ಕದ್ದು. ಈ ಒರೆಗಲ್ಲು ಪ್ರತಿ ಮನೆಯಲ್ಲಿಯೂ ಇದೆ; ಮಗುವಿನ ಪ್ರಶ್ನೆಯೇ ಆ ಒರೆಗಲ್ಲು.

ಭಾರತದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ನಿರ್ಮೂಲ ಮಾಡಿತು. 1955ರ ಕಾನೂನು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಕಾನೂನು ಹೊಟೆಲಿನ ಬಾಗಿಲವರೆಗೆ ಬರಬಲ್ಲುದು. ಮನೆಯ ಗೂಡಿನವರೆಗೆ ಬರುವುದು ಅದಕ್ಕೆ ಕಷ್ಟ. ಅಲ್ಲಿಗೆ ಬರಬಲ್ಲುದು ಮನೆಯವರ ಮನಸ್ಸೊಂದೇ. ಬಂದವರ ಕ್ಷೇಮ ವಿಚಾರಿಸಿ ಕುಳ್ಳಿರಿಸಿ ಮಾತನಾಡಿಸಿದರೆ ಮನೆಯೊಡೆಯನ ಸಿರಿಯೇನೂ ಕುಂದದೆಂಬ ಅರ್ಥದಲ್ಲಿ ಬಸವಣ್ಣನವರು ಬೋಧಿಸಿದ್ದನ್ನು ವಚನಗಳನ್ನು ಓದಿದವರೆಲ್ಲ ಬಲ್ಲರು. ಅಂತ್ಯಜನೆಂದು ಊರು ದೂರವಿಟ್ಟ ಶರಣನ ಮನೆಗೆ ಅವರು ಹೋಗಿ ಪ್ರಸಾದ ಸ್ವೀಕರಿಸಿದ ಪ್ರಸಂಗವು ಶರಣರ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ. ಬೆಳಿಗ್ಗೆ ಈ ವಚನಗಳನ್ನು ಪಠಿಸಿ ಸಂಜೆ ಆಳಿನ ಬಟ್ಟಲನ್ನು ಗೂಡಿನಲ್ಲಿಡುವ ಮನೆಯಲ್ಲಿ ಮಗುವಿಗೆ ಎರಡು ಪಾಠಗಳಾಗುತ್ತವೆ. ವಚನವು ಹೇಳಲಿಕ್ಕೆ, ಬಟ್ಟಲು ನಡೆಸಲಿಕ್ಕೆ ಎಂಬ ಮೂರನೆಯ ಪಾಠವನ್ನು ಅದು ತಾನಾಗಿಯೇ ಕಲಿತುಕೊಳ್ಳುತ್ತದೆ. ಇದು ಮೊದಲೆರಡಕ್ಕಿಂತಲೂ ಕೆಟ್ಟದ್ದು.

ಇನ್ನೊಂದು ಬಟ್ಟಲಿನ ವಿಚಾರವುಂಟು. ಎಲ್ಲರಿಗೂ ಚಹಾ ಮಾಡಿದವಳು ಎಲ್ಲಿ ಕುಳಿತಳು? ಬಹಳ ಮನೆಗಳಲ್ಲಿ ಸೊಸೆಯು ಚಹಾ ಕಳುಹಿಸಿಕೊಟ್ಟು, ತಾನು ಒಲೆಯ ಮುಂದೆಯೇ ಉಳಿದದ್ದನ್ನು ಕುಡಿಯುತ್ತಾಳೆ. ಪಡಸಾಲೆಯ ಮಾತು ಅವಳಿಗೆ ಗೋಡೆಯಾಚೆಯಿಂದ ಕೇಳಿಸುತ್ತದೆ. ಅವಳ ಮಾತು ಪಡಸಾಲೆಗೆ ಕೇಳಿಸುವುದಿಲ್ಲ. ಇದರಿಂದಾಗುವ ನಷ್ಟವನ್ನು ಮನೆಯ ಹಿರಿಯರು ಎಣಿಸಿದಂತೆ ಕಾಣುವುದಿಲ್ಲ. ಮಗುವಿಗೆ ಇರುವುದು ಒಂದು ಮನೆತನವಲ್ಲ, ಎರಡು. ತಂದೆಯ ಮನೆತನದ ಕಥೆಯನ್ನು ಮುತ್ಯಾ ದಿನವೂ ಹೇಳುತ್ತಾನೆ. ತಾಯಿಯ ತವರಿನ ಕಥೆಯನ್ನು ಹೇಳಬಲ್ಲವಳು ಅಡುಗೆಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಅವಳ ತವರಿನಲ್ಲಿ ಬರಗಾಲದ ವರ್ಷ ಹೇಗೆ ಕಳೆಯಿತು, ಅವಳ ಆಯಿ ಯಾವ ಔಷಧ ಬಲ್ಲವಳಾಗಿದ್ದಳು, ಅಲ್ಲಿಯ ಹಿರಿಯರು ಯಾವ ಮಾತಿಗೆ ತಪ್ಪಲಿಲ್ಲ ಇವೆಲ್ಲ ಅವಳೊಡನೆಯೇ ಮುಗಿದುಹೋಗುತ್ತವೆ. ಹೀಗೆ ಪ್ರತಿ ತಲೆಮಾರಿನಲ್ಲಿಯೂ ಮನೆತನವು ತನ್ನ ಅರ್ಧ ಆಸ್ತಿಯನ್ನು ತಾನೇ ಕಳೆದುಕೊಳ್ಳುತ್ತದೆ. ಹೊಲದ ಅರ್ಧ ಹೋದರೆ ಇದೇ ಹಿರಿಯರು ಸುಮ್ಮನೆ ಕೂಡುತ್ತಿದ್ದರೆ? ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದರೆಂಬುದು ಹೆಮ್ಮೆಯ ಮಾತು. ಶರಣರ ಗೋಷ್ಠಿಯಲ್ಲಿ ಅವರಿಗೆ ಕುಳಿತುಕೊಳ್ಳಲು ಸ್ಥಳವಿದ್ದುದರಿಂದಲೇ ಅವರ ಮಾತು ಉಳಿಯಿತೆಂಬುದನ್ನು ಆ ಹೆಮ್ಮೆಯೊಡನೆ ನೆನೆಯಬೇಕು.

ಸಂಪ್ರದಾಯದ ಈ ಪರೀಕ್ಷೆಯು ಕೃಷ್ಣಾ ತೀರದವರಿಗೆ ಬರಿಯ ವಿಚಾರದ ಮಾತಾಗಿ ಉಳಿದಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲತೊಡಗಿದಾಗ, ಬಾಗಲಕೋಟೆ ಪಟ್ಟಣದ ಹಳೆಯ ಭಾಗದಲ್ಲಿಯೂ ಬೀಳಗಿ ತಾಲೂಕಿನ ನದಿದಂಡೆಯಲ್ಲಿಯೂ ಅನೇಕ ಮನೆತನಗಳು ತಲೆತಲಾಂತರದ ಮನೆಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟುದರಿಂದ, ಇನ್ನೂ ಹಲವು ಊರುಗಳ ಮುಂದೆ ಅದೇ ಪ್ರಶ್ನೆ ನಿಂತಿದೆ. ನಡುವೆ 2019ರ ಆಗಸ್ಟ್ ತಿಂಗಳಿನ ಮಹಾಪೂರವು ಹೊಳೆಸಾಲಿನ ಜನರನ್ನು ಮನೆ ಬಿಡಿಸಿ ಎತ್ತರದ ಜಾಗಗಳಿಗೆ ಓಡಿಸಿತು.

ಹೀಗೆ ಮನೆ ಬಿಡುವವರು ಗಾಡಿಗೆ ಏನೇನು ಹೇರುತ್ತಾರೆ? ಬಾಗಿಲ ಚೌಕಟ್ಟನ್ನು ಕಿತ್ತು ಹೇರಬಹುದು, ಕಂಬಗಳನ್ನು ಹೇರಬಹುದು, ಜಗಲಿಯ ದೇವರನ್ನು ಉಡಿಯಲ್ಲಿಟ್ಟುಕೊಂಡು ಹೋಗಬಹುದು. ಬಾವಿಯನ್ನು ಒಯ್ಯಲು ಬರುವುದಿಲ್ಲ. ಕಟ್ಟೆಯನ್ನು, ಹಿರಿಯರ ಸಮಾಧಿಯನ್ನು ಒಯ್ಯಲು ಬರುವುದಿಲ್ಲ. ಸರ್ಕಾರದ ಪರಿಹಾರವು ಗೋಡೆಯ ಅಳತೆಯನ್ನು ಹಿಡಿದು ಬರುತ್ತದೆ. ಗೋಡೆಯ ಒಳಗೆ ಕೂಡುತ್ತಿದ್ದ ಕೂಟಕ್ಕೆ ಅಳತೆಯಿಲ್ಲ. ಸಂಪ್ರದಾಯವು ಸ್ಥಳವನ್ನೇ ಅವಲಂಬಿಸಿದ್ದರೆ ಅದು ನೀರಿನಡಿಗೆ ಹೋದಂತೆಯೇ ಸರಿ. ಆದರೆ ಹೊಸ ಜಾಗದಲ್ಲಿ ಮೊದಲ ಸಂಜೆ ಮೂರು ಕಲ್ಲು ಹೂಡಿ ಚಹಾ ಕಾಸಿ, ಮನೆಯವರೆಲ್ಲ ಸುತ್ತ ಕುಳಿತು, ಮುಳುಗಿದ ಹೊಲದ ಹೆಸರನ್ನು ಮುತ್ಯಾ ಮಕ್ಕಳ ಬಾಯಿಂದ ಹೇಳಿಸಿದರೆ, ಆ ಮನೆತನವು ಮುಳುಗಿಲ್ಲ.

ಇಲ್ಲಿಯೇ ಮತ್ತೊಂದು ಮಾತು. ಹಳೆಯ ಗೋಡೆಯೊಡನೆ ಹಳೆಯ ಗೂಡೂ ನೀರಿಗೆ ಹೋಯಿತು. ಹೊಸ ಮನೆಯ ಗೋಡೆಗೆ ಅಂತಹ ಗೂಡನ್ನು ಮತ್ತೆ ಕೊರೆಯಬೇಕೇ? ಮನೆ ಬಿಡುವ ದುಃಖವನ್ನು ಯಾರೂ ಹಗುರಾಗಿ ನುಡಿಯಬಾರದು. ಆದರೆ ಆ ದುಃಖವು, ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಅವಕಾಶವನ್ನೂ ತಂದುಕೊಡುತ್ತದೆ. ಊರು ಬಿಡದವರಿಗೆ ಈ ಅವಕಾಶವು ದಿನದಿನವೂ ಸಂಜೆ ಬರುತ್ತಿರುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಕೊಡುವವರ ಧರ್ಮದಂತೆ ಕೊಳ್ಳುವವರ ಧರ್ಮವನ್ನೂ ಹೇಳಬೇಕು. ಇಂದಿನ ತರುಣರು ಪುಣೆ, ಸೊಲ್ಲಾಪುರ, ಬೆಂಗಳೂರುಗಳಲ್ಲಿ ದುಡಿಯುತ್ತಾರೆ. ಊರಿಗೆ ಬಂದಾಗಲೂ ಕೂಟದಲ್ಲಿ ಕುಳಿತು ಕೈಯಲ್ಲಿಯ ಮೊಬೈಲನ್ನು ನೋಡುತ್ತಾರೆಂದು ಹಿರಿಯರ ದೂರು. ದೂರಿನಲ್ಲಿ ನ್ಯಾಯವಿದೆ. ಆದರೆ ಹಿರಿಯರ ಮಾತಿನಲ್ಲಿ ಮನೆತನದ ಹೊಗಳಿಕೆಯೊಂದೇ ಇದ್ದರೆ ತರುಣರು ಎಷ್ಟು ಸಲ ಕೇಳಿಯಾರು? ದಾಸೋಹವೆಂದರೆ ನೀಡುವವನು ತಾನು ನೀಡುವವನೆಂಬ ಗರ್ವವನ್ನು ಬಿಟ್ಟು ನೀಡುವುದು. ನೆನಪಿನ ದಾಸೋಹಕ್ಕೂ ಇದೇ ನಿಯಮ. ಹಿರಿಯರು ಮಾಡಿದ ಒಳ್ಳೆಯದನ್ನು ಹೇಳುವಂತೆ ಅವರು ತಪ್ಪಿದ್ದನ್ನೂ ಹೇಳಬೇಕು: ಬದುವಿನ ಜಗಳದಲ್ಲಿ ನ್ಯಾಯವು ಆಚೆಯವರ ಕಡೆಗಿತ್ತೆಂಬುದನ್ನು, ವಿಧವೆಯಾದ ತಂಗಿಗೆ ಕೊಡಬೇಕಾದುದನ್ನು ಕೊಡಲಿಲ್ಲವೆಂಬುದನ್ನು. ತಪ್ಪನ್ನು ಕೇಳಿದ ಮಗನು ಮನೆತನವನ್ನು ಹೀನವಾಗಿ ಕಾಣುತ್ತಾನೆಂಬ ಅಂಜಿಕೆ ಬೇಡ. ತನ್ನ ಕೈಯಿಂದ ಸರಿಪಡಿಸಬೇಕಾದ ಕೆಲಸವೊಂದಿದೆಯೆಂದು ತಿಳಿದ ಮೇಲೆಯೇ ಅವನು ಮನೆತನವನ್ನು ತನ್ನದೆಂದು ಭಾವಿಸತೊಡಗುತ್ತಾನೆ. ತರುಣರು ಸಹ, ಎಲ್ಲವನ್ನೂ ಒಪ್ಪದಿದ್ದರೂ, ಎಲ್ಲವನ್ನೂ ಒಮ್ಮೆ ಕೇಳಬೇಕು. ಕೇಳದೆ ಬಿಟ್ಟುದು ತ್ಯಾಗವಾಗದು, ಅಲಕ್ಷ್ಯವಾಗುತ್ತದೆ.

ಇದಕ್ಕೆಲ್ಲ ದೊಡ್ಡ ಏರ್ಪಾಡು ಬೇಕಾಗಿಲ್ಲ. ಒಂದು ಹೊತ್ತಿನ ಚಹಾ ಸಾಕು. ಚಹಾ ಒಲ್ಲದವರಿಗೆ ಬೆಲ್ಲ-ನೀರು ಸಾಕು. ಬಟ್ಟಲುಗಳೆಲ್ಲ ಒಂದೇ ಸಾಲಿನವಾಗಿರಲಿ. ಹೊಲದಿಂದ ಜೊತೆಗೆ ಬಂದವನು ಜೊತೆಗೇ ಕೂಡಲಿ. ಚಹಾ ಕಾಸುವ ಸರದಿ ಒಂದು ದಿನ ಮಗನಿಗೂ ಬರಲಿ. ಆ ದಿನ ಸೊಸೆಯು ಪಡಸಾಲೆಯಲ್ಲಿ ಕುಳಿತು ತನ್ನ ತವರಿನ ಮಾತು ಹೇಳಲಿ. ಆಗ ಮಗುವು ಬಟ್ಟಲುಗಳನ್ನು ನೋಡಿ ಏನನ್ನಾದರೂ ಕೇಳಿದರೆ, ಮುತ್ಯಾ ಹಿಂದಿನವರ ಕಡೆಗೆ ಬೆರಳು ತೋರಿಸಬೇಕಾಗುವುದಿಲ್ಲ. ಕಾರಣವನ್ನು ಮುಖ ನೋಡಿಯೇ ಹೇಳಬಹುದು. ಹಾಗೆ ಹೇಳಲು ಬರುವ ಸಂಪ್ರದಾಯವನ್ನು ಮಕ್ಕಳ ಮೇಲೆ ಹೇರಬೇಕಾದ ಅವಶ್ಯಕತೆಯೂ ಇರುವುದಿಲ್ಲ; ಕೈಯೊಡ್ಡಿ ಬಟ್ಟಲನ್ನು ತೆಗೆದುಕೊಂಡಂತೆ ಅವರು ಅದನ್ನು ತಾವಾಗಿಯೇ ತೆಗೆದುಕೊಳ್ಳುತ್ತಾರೆ.